ರಾಗಿ, ರಾಗ, ರಾಮಲೀಲೆ: ಅಲ್ಮೋರಾದ ಬೀದಿಗಳಲ್ಲಿ

ಹಿಮಾಲಯ ನೋಡಲು ಹೊರಟ ಕನ್ನಡಿಗರು ಇನ್ನೊಂದು ವಾರ ರಾಗಿಯ ಮುಖ ನೋಡುವುದಿಲ್ಲ ಎಂದುಕೊಂಡೇ ರೈಲು ಹತ್ತುತ್ತಾರೆ. ಅಲ್ಮೋರಾದಲ್ಲಿ ಅದು ಮೊದಲ ಊಟಕ್ಕೇ ತಟ್ಟೆಗೆ ಬೀಳುತ್ತದೆ. ಉತ್ತರಾಖಂಡದ ಕುಮಾವೂಂ ಸೀಮೆಯ ಈ ಊರಿನಲ್ಲಿ ಚಳಿಗಾಲದ ಊಟವೆಂದರೆ ಮಡುವಾ ರೋಟಿ, ಗಹತ್ ದಾಲ್. ಮಡುವಾ ಎಂದರೆ ರಾಗಿ, ಗಹತ್ ಎಂದರೆ ಹುರುಳಿ. ರೊಟ್ಟಿಯನ್ನು ಕಬ್ಬಿಣದ ಹೆಂಚಿನ ಮೇಲೆ ಅರೆಬೇಯಿಸಿ, ಒಲೆಯ ಕೆಂಡಕ್ಕೆ ಒರಗಿಸಿ ಸುಡುತ್ತಾರೆ. ಬಿಸಿ ಆರುವ ಮೊದಲೇ ಅದರ ಮೇಲೊಂದು ಚಮಚ ತುಪ್ಪ, ಪಕ್ಕದಲ್ಲಿ ಒಂದು ಚೂರು ಬೆಲ್ಲ. ಹುರುಳಿ ಸಾರಿಗೆ ಜಂಬೂ ಎಂಬ ಒಣಸೊಪ್ಪಿನ ಒಗ್ಗರಣೆ. ಈರುಳ್ಳಿ ಬೆಳ್ಳುಳ್ಳಿಯ ಬಳಗಕ್ಕೆ ಸೇರಿದ ಈ ಗಿಡ ಎತ್ತರದ ಪರ್ವತ ಸೀಮೆಯದು; ಕಾದ ತುಪ್ಪಕ್ಕೆ ಒಂದು ಚಿಟಿಕೆ ಬಿದ್ದರೆ ಸಾಕು, ಪಕ್ಕದ ಮನೆಗೂ ಗೊತ್ತಾಗುತ್ತದೆ.

ಕುಮಾವೂಂಗೆ ಬರುವ ಹೆಚ್ಚಿನ ಪ್ರವಾಸಿಗರು ನೈನಿತಾಲ್‌ನಲ್ಲಿ ದೋಣಿ ಹತ್ತಿ, ಕೈಂಚಿ ಧಾಮದಲ್ಲಿ ಕೈಮುಗಿದು ಹಿಂದಿರುಗುತ್ತಾರೆ. ಇನ್ನೂ ಮುಂದಕ್ಕೆ ಬಂದವರು ಕೌಸಾನಿಗೋ ಮುನ್ಸ್ಯಾರಿಗೋ ಹೋಗುವ ಅವಸರದಲ್ಲಿ ಅಲ್ಮೋರಾವನ್ನು ದಾರಿಬದಿಯ ಚಹಾ ನಿಲ್ದಾಣ ಮಾಡಿಕೊಳ್ಳುತ್ತಾರೆ. ವಾಹನದ ಕಿಟಕಿಯಿಂದ ಕಾಣುವುದು ಗುಡ್ಡದ ಮೈತುಂಬ ಒತ್ತೊತ್ತಾಗಿ ಎದ್ದ ಕಾಂಕ್ರೀಟ್ ಮನೆಗಳು, ಚೆಂದವೇನೂ ಅಲ್ಲ. ಊರು ತನ್ನ ಗುಣ ತೋರಿಸುವುದು ಕೆಳಗಿಳಿದು ನಡೆದವರಿಗೆ. ಅಲ್ಮೋರಾ ನೋಡುವ ಊರಲ್ಲ, ಉಳಿಯುವ ಊರು. ಇಲ್ಲಿಯ ಅಡುಗೆ, ಹಾಡು, ಕಸುಬು, ಹಬ್ಬ ಯಾವುದೂ ಪ್ರವಾಸಿಗಾಗಿ ಹುಟ್ಟಿದ್ದಲ್ಲ. ಊರಿನವರು ತಮಗಾಗಿ ಮಾಡಿಕೊಂಡದ್ದು. ಹೊರಗಿನವರು ಬಂದರೆ ಒಂದು ತಟ್ಟೆ ಹೆಚ್ಚಿಗೆ ಹಾಕುತ್ತಾರೆ, ಅಷ್ಟೆ.

ಇದಕ್ಕೆ ಊರಿನ ಚರಿತ್ರೆಯೇ ಕಾರಣ. ಅಲ್ಮೋರಾ ಬ್ರಿಟಿಷರು ಕಟ್ಟಿದ ಗಿರಿಧಾಮವಲ್ಲ. ನೈನಿತಾಲ್, ಮಸ್ಸೂರಿ, ರಾಣಿಖೇತ್‌ಗಳಲ್ಲಿ ಬಂಗಲೆ, ಚರ್ಚು, ಕ್ಲಬ್ಬುಗಳ ಸುತ್ತ ಊರು ಬೆಳೆಯಿತು. ಅಲ್ಮೋರಾ ಅದಕ್ಕಿಂತ ಹಳೆಯದು. 16ನೇ ಶತಮಾನದಲ್ಲಿ ಚಂದ್ ವಂಶದ ಅರಸರು ಚಂಪಾವತ್‌ನಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಕೋಸಿ ಮತ್ತು ಸುಯಾಲ್ ನದಿಗಳ ನಡುವೆ ಕುದುರೆಯ ಜೀನಿನ ಆಕಾರದಲ್ಲಿ ಬಾಗಿದ ಗುಡ್ಡದ ನೆತ್ತಿ ಅದು, ಸಮುದ್ರಮಟ್ಟದಿಂದ 1,600 ಮೀಟರಿಗೂ ಮೇಲೆ. ಅರಸರ ಬೆನ್ನಿಗೆ ಪುರೋಹಿತರು, ವ್ಯಾಪಾರಿಗಳು, ತಾಮ್ರದ ಕೆಲಸಗಾರರು, ಮರಗೆಲಸದವರು ಬಂದು ನೆಲೆಸಿದರು. 1790ರಲ್ಲಿ ಗೂರ್ಖರು ಊರನ್ನು ಗೆದ್ದರು, 1815ರಲ್ಲಿ ಬ್ರಿಟಿಷರು ಗೂರ್ಖರಿಂದ ಕಿತ್ತುಕೊಂಡರು. ಅರಮನೆಯಾಗಿದ್ದ ಮಲ್ಲಾ ಮಹಲ್ ಕಚೇರಿಯಾಯಿತು. ಆದರೆ ಬಜಾರು ಬಜಾರಾಗಿಯೇ ಉಳಿಯಿತು. ಬ್ರಿಟಿಷರ ಮಾಲ್ ರೋಡ್ ಗುಡ್ಡದ ಸೊಂಟದಲ್ಲಿದೆ, ವಾಹನಗಳೆಲ್ಲ ಅಲ್ಲೇ. ಹಳೆಯ ಊರು ಅದರ ತಲೆಯ ಮೇಲೆ, ಗುಡ್ಡದ ಬೆನ್ನೆಲುಬಿನುದ್ದಕ್ಕೂ.

ಮಾಲ್ ರೋಡ್‌ನಿಂದ ಕಡಿದಾದ ಮೆಟ್ಟಿಲು ಹತ್ತಿದರೆ ಲಾಲಾ ಬಜಾರು. ಅಲ್ಲಿಂದ ಒಂದು ಮೊಹಲ್ಲಾ ಇನ್ನೊಂದಕ್ಕೆ ಕೂಡಿಕೊಳ್ಳುತ್ತ ಬಜಾರು ಎರಡು ಕಿಲೋಮೀಟರಿನಷ್ಟು ಉದ್ದಕ್ಕೆ ಸಾಗುತ್ತದೆ. ಜನ ಇದನ್ನು ಪಟಾಲ್ ಬಜಾರ್ ಎಂದು ಕರೆಯುವುದು ನೆಲಕ್ಕೆ ಹಾಸಿದ್ದ ಸ್ಥಳೀಯ ಚಪ್ಪಡಿ ಕಲ್ಲುಗಳಿಂದಾಗಿ. ಬಹಳ ಕಡೆ ಈಗ ಹೊಸ ಕಲ್ಲು ಬಂದಿದೆ. ಹಳೆಯ ಪಟಾಲ್ ಉಳಿದಲ್ಲಿ ಮಳೆ ಬಿದ್ದ ಮೇಲೆ ಆ ಕಲ್ಲಿನ ಬೂದು ನೀಲಿ ಬಣ್ಣ ನೋಡಬೇಕು. ಎರಡೂ ಬದಿ ಕೆಳಗೆ ಅಂಗಡಿ, ಮೇಲೆ ಮನೆ. ತಲೆಯೆತ್ತಿದರೆ ಕೆತ್ತನೆಯ ಮರದ ಕಿಟಕಿಗಳು, ಹೂಬಳ್ಳಿ ಬಿಡಿಸಿದ ಕಂಬಗಳು, ಒಂದು ತಲೆ ಮಾತ್ರ ಹೊರಚಾಚಬಹುದಾದಷ್ಟು ಕಿರಿದಾದ ಕಮಾನುಗಳು. ಈ ಕೆತ್ತನೆಗೆ ಲಿಖಾಯಿ ಎಂದು ಹೆಸರು. 2023ರಲ್ಲಿ ಉತ್ತರಾಖಂಡದ ಲಿಖಾಯಿಗೆ ಭೌಗೋಳಿಕ ಸೂಚಿ ಸಿಕ್ಕಿತು. ಅದೇ ಹೊತ್ತಿಗೆ ಹಳೆಯ ಮನೆಗಳನ್ನು ಕೆಡವಿ ಸಿಮೆಂಟ್ ತಾರಸಿ ಎಬ್ಬಿಸುವ ಕೆಲಸವೂ ನಿಂತಿಲ್ಲ. ಕೆತ್ತಿದ ಕಿಟಕಿ ಗೋಡೆಯಲ್ಲಿದ್ದರೆ ಮಾತ್ರ ಊರಿನದು. ಸೂಚಿ ಕೊಟ್ಟವರು ಮನೆ ಉಳಿಸಿಕೊಳ್ಳುವವರಿಗೆ ದುರಸ್ತಿಯ ಖರ್ಚನ್ನೂ ಕೊಟ್ಟರೆ ಆ ಗೌರವಕ್ಕೆ ಅರ್ಥ ಬರುತ್ತದೆ.

ಲಾಲಾ ಬಜಾರಿನ ಹೆಸರು ಹೊರಗೆ ಹಬ್ಬಿರುವುದು ಬಾಲ್ ಮಿಠಾಯಿಯಿಂದ. ಹಾಲನ್ನು ಬತ್ತಿಸಿ ಮಾಡಿದ ಖೋವಾವನ್ನು ಸಕ್ಕರೆಯೊಂದಿಗೆ ಮತ್ತೆ ಬಾಣಲೆಗಿಳಿಸಿ, ಕಡುಕಂದು ಬಣ್ಣ ಬರುವವರೆಗೆ ಮಗುಚುತ್ತಾರೆ. ಇಲ್ಲಿಯೇ ಕಸುಬು ಇರುವುದು. ಕೈ ಒಂದು ಗಳಿಗೆ ನಿಂತರೆ ತಳ ಹಿಡಿಯುತ್ತದೆ, ಬೇಗ ಇಳಿಸಿದರೆ ಅದು ಬರಿಯ ಪೇಡೆ. ಹದಕ್ಕೆ ಬಂದದ್ದನ್ನು ತಟ್ಟೆಗೆ ಹರಡಿ, ಆರಿದ ಮೇಲೆ ಉದ್ದ ತುಂಡುಗಳಾಗಿ ಕತ್ತರಿಸಿ, ಬಿಳಿಯ ಸಕ್ಕರೆ ಗುಂಡುಗಳಲ್ಲಿ ಹೊರಳಿಸುತ್ತಾರೆ. ಆ ಗುಂಡುಗಳು ಸಾಸಿವೆಗಿಂತ ತುಸು ದೊಡ್ಡವು, ಒಳಗೆ ಗಸಗಸೆ. ಹಲ್ಲಿಗೆ ಮೊದಲು ಸಿಗುವುದು ಗುಂಡಿನ ಗರಿಗರಿ, ಆಮೇಲೆ ಹುರಿದ ಹಾಲಿನ ಮೆತ್ತನೆಯ, ತುಸು ಕಹಿಯಂಚಿನ ಸಿಹಿ. ಗುಂಡು ಮೆತ್ತದ ತುಂಡಿಗೆ ಅಂಗಡಿಗಳಲ್ಲಿ ಚಾಕ್ಲೆಟ್ ಎಂದೇ ಹೆಸರು. ಕೋಕೋ ಅದರಲ್ಲಿ ಇಲ್ಲ, ಬಣ್ಣ ಮಾತ್ರ ಹಾಗೆ. ಈ ಮಿಠಾಯಿಯನ್ನು ಮೊದಲು ಮಾಡಿದವರು ಲಾಲಾ ಬಜಾರಿನ ಜೋಗಾರಾಮ್ ಶಾಹ ಎಂದು ಊರಿನವರು ಹೇಳುತ್ತಾರೆ. ಖೀಮ್ ಸಿಂಗ್ ಮೋಹನ್ ಸಿಂಗ್ ರೌತೇಲಾ ಅಂಗಡಿಯ ಡಬ್ಬಿ ಕೈಯಲ್ಲಿಲ್ಲದೆ ಅಲ್ಮೋರಾದ ಮಗ ದೆಹಲಿಯಿಂದ ಬಂದು ಹಿಂದಿರುಗುವುದು ಅಪರೂಪ.

ಬಾಲ್ ಮಿಠಾಯಿಯ ಪಕ್ಕದಲ್ಲೇ ಎಲೆಯಲ್ಲಿ ಕೂತಿರುತ್ತದೆ ಸಿಂಗೌಡಿ. ಮಾಲೂ ಎಂಬ ಕಾಡುಬಳ್ಳಿಯ ಅಗಲವಾದ ಎಲೆಯನ್ನು ಕೋನದಂತೆ ಸುತ್ತಿ, ಒಳಗೆ ಮೃದುವಾದ ಖೋವಾ ತುಂಬುತ್ತಾರೆ. ಎಲೆಯ ಹಸಿರು ವಾಸನೆ ಖೋವಾಕ್ಕೆ ಇಳಿಯುವಷ್ಟು ಹೊತ್ತು ಬಿಟ್ಟೇ ತಿನ್ನಬೇಕು. ಬಾಲ್ ಮಿಠಾಯಿ ಬೆಂಗಳೂರಿನವರೆಗೂ ಬರುತ್ತದೆ, ಸಿಂಗೌಡಿಯ ರುಚಿ ಇಲ್ಲೇ ಮುಗಿಯಬೇಕು.

ಸಿಹಿ ಹೊರಗಿನವರಿಗೆ ಪರಿಚಯದ್ದು. ಮನೆಯ ಊಟ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹೋಟೆಲುಗಳ ಪಟ್ಟಿಯಲ್ಲಿ ಪನೀರ್, ನೂಡಲ್ಸ್, ಮೋಮೋ ಮೇಲಿರುತ್ತವೆ. ಕುಮಾವೂನಿ ಥಾಲಿ ಬೇಕೆಂದು ಮೊದಲೇ ಹೇಳಿಟ್ಟರೆ ಕೆಲವು ಕಡೆ ಮಾಡಿಕೊಡುತ್ತಾರೆ. ಅದಕ್ಕಿಂತ ಒಳ್ಳೆಯದು ಸುತ್ತಲ ಹಳ್ಳಿಗಳ ಹೋಮ್‌ಸ್ಟೇ. ಅಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ದೀದಿ ಎಂದು ಕರೆದು ಕೇಳಿದರೆ ಭಟ್ ಕಾಳಿನ ಕಥೆಯೆಲ್ಲ ಬಿಚ್ಚಿಕೊಳ್ಳುತ್ತದೆ.

ಭಟ್ ಎಂದರೆ ಬೆಟ್ಟದ ಕಪ್ಪು ಸೋಯಾ. ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಕಾಳನ್ನು ಇಡಿಯಾಗಿ ಹಾಕಿದರೆ ಪಟಪಟನೆ ಸಿಡಿದು ಸಿಪ್ಪೆ ಬಿರಿಯುತ್ತದೆ. ಅದಕ್ಕೆ ಒಂದಿಷ್ಟು ಹಿಟ್ಟು ಹುರಿದು ಬೆರೆಸಿ, ನೀರು ಹೊಯ್ದು, ಸಣ್ಣ ಉರಿಯಲ್ಲಿ ಬಿಟ್ಟರೆ ಚುಡಕಾನಿ. ಕಬ್ಬಿಣದ ಪಾತ್ರೆಯೇ ಆಗಬೇಕು. ಸ್ಟೀಲಿನಲ್ಲಿ ಆ ಕಪ್ಪು ಬಣ್ಣವೂ ಬಾರದು, ರುಚಿಯೂ ಬಾರದು. ಅದೇ ಕಾಳನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ರುಬ್ಬಿ ಗಂಟೆಗಟ್ಟಲೆ ಕುದಿಸಿದರೆ ಡುಬ್ಕೆ. ಹುರುಳಿಯಿಂದಲೂ ಡುಬ್ಕೆ ಮಾಡುತ್ತಾರೆ. ಅನ್ನದ ಮೇಲೆ ಸುರಿದುಕೊಂಡು, ಭಾಂಗ್ ಬೀಜದ ಚಟ್ನಿ ನಂಚಿಕೊಂಡು ಉಣ್ಣುವ ಊಟ ಅದು. ಭಾಂಗ್ ಎಂದೊಡನೆ ಹುಬ್ಬೇರಿಸಬೇಕಾಗಿಲ್ಲ, ಬೀಜದಲ್ಲಿ ನಶೆ ಇಲ್ಲ. ಬೀಜವನ್ನು ಹುರಿದು, ಜೀರಿಗೆ, ಒಣಮೆಣಸಿನಕಾಯಿ, ಉಪ್ಪು ಸೇರಿಸಿ ಕಲ್ಲಿನಲ್ಲಿ ಅರೆದು, ಬೆಟ್ಟದ ನಿಂಬೆಯ ರಸ ಹಿಂಡುತ್ತಾರೆ. ಎಳ್ಳು, ಶೇಂಗಾ ಚಟ್ನಿಗಳನ್ನು ಬಲ್ಲ ನಾಲಿಗೆಗೆ ಇದು ಕೂಡಲೇ ಒಗ್ಗುತ್ತದೆ.

ಸೌತೆಕಾಯಿಯ ರಾಯತಾ ಇಲ್ಲಿ ತಣ್ಣಗಿನ ಪದಾರ್ಥವಲ್ಲ. ಮೊಸರಿಗೆ ತುರಿದ ಸೌತೆಕಾಯಿ, ಅರಿಶಿನ, ಹಸಿ ಸಾಸಿವೆಯ ಪುಡಿ ಬೆರೆಸಿ ಕೆಲಹೊತ್ತು ಇಡುತ್ತಾರೆ. ಮೊದಲ ತುತ್ತಿಗೇ ಖಾರ ಮೂಗಿನಿಂದ ನೆತ್ತಿಗೇರುತ್ತದೆ. ರೈಲು ಇಳಿಯುವ ಕಾಠ್‌ಗೋದಾಮ್‌ನಿಂದ ಬರುವ ದಾರಿಯಲ್ಲಿ ಗರಂಪಾನಿಯ ಬಳಿ ಜೀಪುಗಳು ನಿಲ್ಲುವುದೇ ಈ ರಾಯತಾ ಮತ್ತು ಪಕೋಡಕ್ಕಾಗಿ. ಆಲೂ ಗುಟ್ಕೆ ಎಂಬ ಒಗ್ಗರಣೆಯ ಆಲೂಗಡ್ಡೆ, ಗಡೇರಿ ಎಂಬ ಕೆಸುವಿನ ಗಡ್ಡೆಯ ಪಲ್ಯ, ಹಬ್ಬಕ್ಕೆ ಉದ್ದಿನ ವಡೆ, ರವೆಯ ಸಿಂಗಲ್, ಸಬ್ಬಕ್ಕಿಯ ಜಾಗದಲ್ಲಿ ಊದಲಿನ ಪಾಯಸ: ಪಟ್ಟಿ ಬೆಳೆಯುತ್ತದೆ. ಆದರೆ ಒಂದನ್ನು ಮಾತ್ರ ಯಾವ ಹೋಟೆಲಿನಲ್ಲೂ ಕೇಳಿ ಪ್ರಯೋಜನವಿಲ್ಲ. ಡಿಸೆಂಬರ್, ಜನವರಿಯ ಮಧ್ಯಾಹ್ನ ಬಿಸಿಲು ಚಾವಣಿಗೆ ಬಿದ್ದಾಗ ನೆರೆಮನೆಯ ಹೆಂಗಸರೆಲ್ಲ ಸೇರಿ ತೆಂಗಿನಕಾಯಿಯಷ್ಟು ದೊಡ್ಡ ಬೆಟ್ಟದ ನಿಂಬೆ ಸುಲಿಯುತ್ತಾರೆ. ತೊಳೆಗಳ ಬಿಳಿ ಪೊರೆ ತೆಗೆದು, ಮೊಸರು, ಬೆಲ್ಲ, ಹಸಿಮೆಣಸು, ಕೊತ್ತಂಬರಿ, ಮೂಲಂಗಿ ಚೂರು, ಅರೆದ ಭಾಂಗ್ ಬೀಜ ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ಕೈಯಿಂದ ಕಲಸುತ್ತಾರೆ. ಸನಾ ನಿಂಬು. ಹುಳಿ, ಸಿಹಿ, ಖಾರ, ಕಮ್ಮನೆಯ ಬೀಜದ ರುಚಿ ಒಟ್ಟಿಗೆ ಬಾಯಿಗೆ ಬರುತ್ತವೆ. ಅದೊಂದು ಗಂಟೆಯ ಹರಟೆ. ಹೊರಗಿನವರು ಚಾವಣಿ ಹತ್ತಿದರೆ ಒಂದು ಬಟ್ಟಲು ಖಂಡಿತ.

ರಾಗಿಯ ಮಾತಿಗೆ ಇನ್ನಷ್ಟಿದೆ. ಆಫ್ರಿಕಾದ ಪೂರ್ವದ ಎತ್ತರದ ನಾಡಿನಿಂದ ಬಂದ ಈ ಧಾನ್ಯ ಭಾರತದಲ್ಲಿ ಎರಡು ಕಡೆ ಗಟ್ಟಿಯಾಗಿ ಬೇರುಬಿಟ್ಟಿತು: ದಕ್ಷಿಣದ ಒಣಭೂಮಿಯಲ್ಲಿ, ಹಿಮಾಲಯದ ಮೆಟ್ಟಿಲು ಗದ್ದೆಗಳಲ್ಲಿ. ಎರಡೂ ಕಡೆ ರಾಗಿ ವಿಜ್ಞಾನಿಗಳನ್ನು ಬೆಳೆಸಿತು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಭಾರತದ ತಳಿಗಳಿಗೆ ಆಫ್ರಿಕಾದ ತಳಿಗಳನ್ನು ಕೂಡಿಸಿ ಇಂಡಾಫ್ ರಾಗಿ ಕೊಟ್ಟದ್ದು ಕನ್ನಡಿಗರಿಗೆ ಗೊತ್ತು. ಅಲ್ಮೋರಾದಲ್ಲಿ ಆ ಕೆಲಸ ಶುರುವಾದದ್ದು ಬೋಶಿ ಸೇನ್ ಎಂಬ ಸಸ್ಯವಿಜ್ಞಾನಿಯಿಂದ. ಜಗದೀಶಚಂದ್ರ ಬೋಸರ ಬಳಿ ಪಳಗಿದ ಅವರು 1924ರಲ್ಲಿ ಕಲ್ಕತ್ತೆಯಲ್ಲಿ ತಮ್ಮ ಪುಟ್ಟ ಮನೆಯಲ್ಲೇ ವಿವೇಕಾನಂದ ಪ್ರಯೋಗಾಲಯ ತೆರೆದು, 1930ರ ದಶಕದಲ್ಲಿ ಅದನ್ನು ಅಲ್ಮೋರಾಕ್ಕೆ ತಂದರು. 1974ರಲ್ಲಿ ಅದು ಭಾರತೀಯ ಕೃಷಿ ಸಂಶೋಧನಾ ಮಂಡಳಿಗೆ ಸೇರಿತು. ವಿ.ಎಲ್. ಮಡುವಾ ಎಂಬ ಹೆಸರಿನ ರಾಗಿ ತಳಿಗಳು ಇಲ್ಲಿಯವೇ. ಸಣ್ಣ ಸಿರಿಧಾನ್ಯಗಳ ಅಖಿಲ ಭಾರತ ಸಂಶೋಧನಾ ಯೋಜನೆಯನ್ನು ಬಹುಕಾಲ ಬೆಂಗಳೂರಿನ ಜಿ.ಕೆ.ವಿ.ಕೆ.ಯಿಂದ ನಡೆಸುತ್ತಿದ್ದುದರಿಂದ ಎರಡೂ ಊರಿನ ರಾಗಿ ವಿಜ್ಞಾನಿಗಳು ಪರಸ್ಪರ ಅಪರಿಚಿತರಲ್ಲ. 2023ರಲ್ಲಿ ಉತ್ತರಾಖಂಡದ ಮಡುವಾ, ಊದಲು, ಹುರುಳಿ, ಕಪ್ಪು ಭಟ್, ಅಲ್ಮೋರಾದ ಹಳದಿ ಬಣ್ಣದ ಲಖೋರಿ ಮೆಣಸಿನಕಾಯಿ ಎಲ್ಲಕ್ಕೂ ಭೌಗೋಳಿಕ ಸೂಚಿ ಬಂತು. ಅಲ್ಮೋರಾದಲ್ಲಿ ಮುದ್ದೆ ಹುಡುಕುವವರಿಗೂ ನಿರಾಸೆಯಿಲ್ಲ: ಬೆಟ್ಟದ ಮನೆಗಳಲ್ಲಿ, ಅದರಲ್ಲೂ ಪಕ್ಕದ ಗಢವಾಲದಲ್ಲಿ, ರಾಗಿ ಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸಿ ಬಾಡಿ ಮಾಡುತ್ತಾರೆ, ಹುರುಳಿ ಸಾರಿನ ಜೊತೆ ಉಣ್ಣುತ್ತಾರೆ.

ಬಜಾರಿನ ಒಂದು ಬದಿಗೆ ಟಮ್ಟಾ ಮೊಹಲ್ಲಾ. ಟಮ್ಟಾಗಳು ಚಂದ್ ಅರಸರ ಕಾಲದಿಂದ ತಾಮ್ರ ಬಡಿಯುವವರು. ಚಪ್ಪಟೆ ತಗಡನ್ನು ಕಾಯಿಸಿ, ಬಡಿದು, ಮತ್ತೆ ಕಾಯಿಸಿ ಗಾಗರ್ ಎಂಬ ನೀರಿನ ಕೊಡ ಮಾಡುತ್ತಾರೆ. ಕೈಯಿಂದ ಬಡಿದ ಕೊಡದ ಮೈಮೇಲೆ ಸುತ್ತಿಗೆಯ ಗುರುತು ಒಂದರ ಪಕ್ಕ ಒಂದು ಸಾಲಾಗಿ ಇರುತ್ತದೆ. ಯಂತ್ರದ ಕೊಡ ನುಣುಪು. ಕೊಳ್ಳುವವರು ಬೆರಳಾಡಿಸಿ ನೋಡಿದರೆ ಸಾಕು. ಮದುವೆಯಲ್ಲಿ ಊದುವ ರಣಸಿಂಗಾ, ತುರಹಿ ಕೊಂಬುಗಳನ್ನೂ ಇವರೇ ಮಾಡುವುದು. 2021ರಲ್ಲಿ ಟಮ್ಟಾ ತಾಮ್ರಕ್ಕೂ, ಕೆಮ್ಮಣ್ಣಿನ ನೆಲದ ಮೇಲೆ ಅಕ್ಕಿಹಿಟ್ಟಿನಿಂದ ಬೆರಳಲ್ಲೇ ಬಿಡಿಸುವ ಐಪಣ್ ರಂಗೋಲಿಗೂ ಭೌಗೋಳಿಕ ಸೂಚಿ ದೊರೆಯಿತು. ಆದರೂ ಸುತ್ತಿಗೆ ಹಿಡಿದ ಕೈಗಳು ಕಡಿಮೆಯಾಗುತ್ತಿವೆ. ಕೊಡ ಕೊಂಡೊಯ್ಯಲು ಭಾರವೆನಿಸಿದವರು ಒಂದು ಲೋಟವನ್ನಾದರೂ ಕೊಳ್ಳಬಹುದು.

ಇನ್ನು ಕುಣಿತದ ಮಾತು. ಅಲ್ಮೋರಾದಿಂದ ಬಾಡೇಛೀನಾ ಕಡೆಗೆ ಹೋಗುವ ದಾರಿಯಲ್ಲಿ, ಸುಯಾಲ್ ನದಿಯ ದಂಡೆಗೆ, ಲಖುಡಿಯಾರ್ ಎಂಬ ಬಂಡೆಯಾಸರೆ ಇದೆ. ಅಲ್ಲಿ ಆದಿಮಾನವರು ಬಿಳಿ, ಕಪ್ಪು, ಕೆಂಪು ಬಣ್ಣದಲ್ಲಿ ಬಿಡಿಸಿದ ಚಿತ್ರಗಳಲ್ಲಿ ಕೈಕೈ ಹಿಡಿದು ಸಾಲಾಗಿ ಕುಣಿಯುವ ಮನುಷ್ಯರಿದ್ದಾರೆ. ಕಡ್ಡಿಯಂಥ ಮೈ, ಬಾಗಿದ ತೋಳು, ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆ. ಈ ಸೀಮೆಯ ಹಬ್ಬಗಳಲ್ಲಿ ಝೋಡಾ ಎಂಬ ಕುಣಿತಕ್ಕೆ ಗಂಡಸರು ಹೆಂಗಸರು ಇಂದಿಗೂ ತೋಳಿಗೆ ತೋಳು ಬೆಸೆದು ನಿಲ್ಲುತ್ತಾರೆ.

ನೃತ್ಯ ಕಲಾವಿದ ಉದಯಶಂಕರ್ ತಮ್ಮ ಕನಸಿನ ನೃತ್ಯಶಾಲೆಗೆ ಕಲ್ಕತ್ತೆ, ಮುಂಬಯಿ ಬಿಟ್ಟು ಅಲ್ಮೋರಾ ಆರಿಸಿಕೊಂಡರು. 1930ರ ದಶಕದ ಕೊನೆಗೆ ಸಿಮ್ತೋಲಾದ ದೇವದಾರು, ಪೈನ್ ಮರಗಳ ನಡುವೆ ಇಂಡಿಯಾ ಕಲ್ಚರ್ ಸೆಂಟರ್ ಶುರುವಾಯಿತು. ಕಥಕ್ಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಉಸ್ತಾದ್ ಅಲ್ಲಾವುದ್ದೀನ್ ಖಾನ್. ಜೊಹ್ರಾ ಸೆಹಗಲ್ ಇಲ್ಲಿ ಪಾಠ ಹೇಳಿದರು. ಇಲ್ಲಿಗೆ ಬಂದ ಹದಿಹರೆಯದ ಶಿಷ್ಯರಲ್ಲಿ ಒಬ್ಬ 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪಡುಕೋಣೆ ಮನೆತನದ ಹುಡುಗ. ಕಲ್ಕತ್ತೆಯಲ್ಲಿ ಬೆಳೆದು, ಕುಣಿತದ ಹುಚ್ಚು ಹತ್ತಿಸಿಕೊಂಡು ಅಲ್ಮೋರಾಕ್ಕೆ ಬಂದ ಆತನೇ ಮುಂದೆ ‘ಪ್ಯಾಸಾ’, ‘ಕಾಗಜ್ ಕೇ ಫೂಲ್’ ಚಿತ್ರಗಳ ಗುರುದತ್. ಅವರ ಚಿತ್ರಗಳಲ್ಲಿ ಬೆಳಕು ನೆರಳು ಮಾತನಾಡುವ ರೀತಿ ನೋಡಿದವರಿಗೆ, ಉದಯಶಂಕರ್ ಅಲ್ಮೋರಾದಲ್ಲಿ ರಾಮಾಯಣವನ್ನು ಬಿಳಿಯ ಪರದೆಯ ಹಿಂದೆ ನೆರಳಿನ ನೃತ್ಯವಾಗಿ ಆಡಿಸಿದ್ದು ನೆನಪಾಗದೆ ಇರದು. ಯುದ್ಧಕಾಲದ ಹಣದ ಮುಗ್ಗಟ್ಟಿನಲ್ಲಿ ಶಾಲೆ 1944ರ ಹೊತ್ತಿಗೆ ಮುಚ್ಚಿತು. ಬದುಕಿದ್ದು ಕೆಲವೇ ವರ್ಷ. ಆಧುನಿಕ ಭಾರತೀಯ ನೃತ್ಯದ ಅರ್ಧ ಚರಿತ್ರೆ ಅಲ್ಲಿಂದ ಹೊರಟಿತು.

ಉದಯಶಂಕರ್ ಬರುವ ಎಷ್ಟೋ ಮೊದಲೇ ಊರಿಗೆ ತನ್ನದೇ ರಾಮಲೀಲೆ ಇತ್ತು. 1860ರಲ್ಲಿ ಬದರೇಶ್ವರ ದೇವಸ್ಥಾನದಲ್ಲಿ ಮೊದಲ ಪ್ರದರ್ಶನ ನಡೆಯಿತೆಂದು ಊರಿನ ಲೆಕ್ಕ. ಕುಮಾವೂನಿ ರಾಮಲೀಲೆಯಲ್ಲಿ ಮಾತು ಕಡಿಮೆ, ಹಾಡೇ ಹೆಚ್ಚು. ಬಿಹಾಗ್, ಖಮಾಜ್, ಪೀಲೂ, ದೇಸ್ ರಾಗಗಳಲ್ಲಿ ಕೂರಿಸಿದ ಪದ್ಯಗಳನ್ನು ರಾಮ, ಸೀತೆ, ಮಂಥರೆ, ರಾವಣ ತಾವೇ ಹಾಡಬೇಕು. ಹಿಂದೆ ಹಾರ್ಮೋನಿಯಂ, ತಬಲಾ. ತಾಲೀಮು ಒಂದೆರಡು ತಿಂಗಳು ಮೊದಲೇ ಶುರು. ಪಾತ್ರಧಾರಿಗಳು ಹಗಲಲ್ಲಿ ಬ್ಯಾಂಕು, ಕಚೇರಿ, ಅಂಗಡಿ, ಕಾಲೇಜಿನವರು. ಹಿಂದೆ ಸ್ತ್ರೀಪಾತ್ರಕ್ಕೂ ಹುಡುಗರೇ. ಈಗ ಹೆಣ್ಣುಮಕ್ಕಳೂ ರಂಗಕ್ಕೆ ಬಂದಿದ್ದಾರೆ. ಯುನೆಸ್ಕೊ 2008ರಲ್ಲಿ ರಾಮಲೀಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅಯೋಧ್ಯೆ, ರಾಮನಗರ, ವೃಂದಾವನಗಳ ಜೊತೆ ಅಲ್ಮೋರಾದ ಹೆಸರನ್ನೂ ಬರೆಯಿತು. ಟಿಕೆಟ್ ಇಲ್ಲ, ಕಾದಿರಿಸಿದ ಕುರ್ಚಿ ಬೇಕಿಲ್ಲ. ನವರಾತ್ರಿಯ ರಾತ್ರಿ ಶಾಲು ಹೊದ್ದು ಲಕ್ಷ್ಮೀ ಭಂಡಾರ್‌ನ ಅಂಗಳಕ್ಕೆ ಹೋದರೆ ಸಾಕು. ಊರು ಅದನ್ನು ಹುಕ್ಕಾ ಕ್ಲಬ್ ಎಂದು ಕರೆಯುತ್ತದೆ, ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ವಿಜಯದಶಮಿಯಂದು ಊರು ಬೀದಿಗಿಳಿಯುತ್ತದೆ. ದೇಶದ ಹೆಸರಾಂತ ದಸರಾಗಳನ್ನು ಎಣಿಸುವಾಗ ಮೈಸೂರು, ಕುಲ್ಲುಗಳ ಜೊತೆ ತಮ್ಮ ಊರನ್ನೂ ಸೇರಿಸುವುದು ಅಲ್ಮೋರಾದವರ ವಾಡಿಕೆ. ಇಲ್ಲಿ ಆನೆಯಿಲ್ಲ, ಅಂಬಾರಿಯಿಲ್ಲ. ರಾವಣನ ಇಡೀ ಪರಿವಾರವಿದೆ. ರಾವಣ, ಕುಂಭಕರ್ಣ, ಮೇಘನಾದರಷ್ಟೇ ಅಲ್ಲ, ತಾಟಕಿ, ಮಾರೀಚ, ಖರ, ದೂಷಣ, ಅಕ್ಷಯಕುಮಾರ ಎಂದು ಎರಡು ಡಜನ್ ಹತ್ತಿರದಷ್ಟು ಪ್ರತಿಕೃತಿಗಳು. ಒಂದೊಂದು ಮೊಹಲ್ಲಾಕ್ಕೆ ಒಬ್ಬ ರಾಕ್ಷಸ. ಹುಲ್ಲು, ಬಿದಿರು, ಬಟ್ಟೆ, ಬಣ್ಣದ ಕಾಗದದಲ್ಲಿ ಹುಡುಗರು ರಾತ್ರಿಯೆಲ್ಲ ಕೂತು ಮೀಸೆ ತಿದ್ದುತ್ತಾರೆ, ಆಭರಣ ಅಂಟಿಸುತ್ತಾರೆ. ಪೈಪೋಟಿ ಜೋರು. ಮುಸ್ಲಿಂ ಕುಶಲಿಗರೂ ಇದರಲ್ಲಿ ಕೈಜೋಡಿಸುತ್ತ ಬಂದಿದ್ದಾರೆ. ಮೆರವಣಿಗೆ ಮುಗಿದು ಎಲ್ಲ ರಾಕ್ಷಸರಿಗೂ ಬೆಂಕಿಯಿಡುವ ಹೊತ್ತಿಗೆ ರಾತ್ರಿಯಾಗಿರುತ್ತದೆ.

ಹಾಡು, ಕುಣಿತ, ಹಬ್ಬಗಳ ಜೊತೆಗೆ ಈ ಚಿಕ್ಕ ಊರಿಗೆ ಓದು, ಬರಹದ ಚರಿತ್ರೆಯೂ ಇದೆ. 1871ರಲ್ಲೇ ಇಲ್ಲಿಂದ ‘ಅಲ್ಮೋಡಾ ಅಖಬಾರ್’ ಪತ್ರಿಕೆ ಹೊರಡುತ್ತಿತ್ತು. ಅದು ನಿಂತ ವರ್ಷ, 1918ರಲ್ಲಿ, ಬದರೀದತ್ ಪಾಂಡೆಯವರು ‘ಶಕ್ತಿ’ ಶುರುಮಾಡಿದರು. ವಿವೇಕಾನಂದರು ಇಲ್ಲಿಗೆ ಮತ್ತೆ ಮತ್ತೆ ಬಂದರು. ಮದ್ರಾಸಿನ ‘ಪ್ರಬುದ್ಧ ಭಾರತ’ ಪತ್ರಿಕೆ 1898ರಲ್ಲಿ ಇಲ್ಲಿಂದ ಮರುಹುಟ್ಟು ಪಡೆಯಿತು. ನೆಹರೂ ಆತ್ಮಕಥೆಯ ಕೊನೆಯ ಭಾಗವನ್ನು 1935ರಲ್ಲಿ ಬರೆದದ್ದು ಅಲ್ಮೋರಾದ ಜೈಲಿನಲ್ಲಿ. ‘ಬೇಡು ಪಾಕೋ’ ಎಂಬ ಕುಮಾವೂನಿ ಹಾಡು ಇಡೀ ಉತ್ತರಾಖಂಡದ ಗುರುತಾಗಿದೆಯಷ್ಟೆ; ಅದಕ್ಕೆ ರಾಗ ಹಾಕಿದ ಮೋಹನ್ ಉಪ್ರೇತಿ ಇದೇ ಊರಿನವರು, ಬರೆದವರು ಬ್ರಜೇಂದ್ರಲಾಲ್ ಶಾಹ. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ ಹುಟ್ಟಿದ್ದೂ ಇಲ್ಲೇ, 1857ರ 13 ಮೇಯಂದು, ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದ ಮೂರೇ ದಿನಕ್ಕೆ. ಸೊಳ್ಳೆಯ ಕಡೆ ಅವರ ಗಮನ ಹೋದದ್ದು ಮಾತ್ರ ಬೆಂಗಳೂರಿನ ದಂಡಿನಲ್ಲಿ. 1880ರ ದಶಕದಲ್ಲಿ ಅಲ್ಲಿ ವೈದ್ಯರಾಗಿದ್ದಾಗ ಬಂಗಲೆಯ ಹೊರಗಿನ ತೊಟ್ಟಿಯ ನೀರು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುವುದನ್ನು ಅವರು ಕಂಡುಕೊಂಡರು.

ಊರಿನ ಸುತ್ತಲೂ ನೋಡುವಂಥದ್ದಕ್ಕೆ ಕೊರತೆಯಿಲ್ಲ. ಚಿತಯಿಯ ಗೋಲು ದೇವತೆಯ ಗುಡಿ ಎಂಟೇ ಕಿಲೋಮೀಟರ್. ಗೋಲು ನ್ಯಾಯದ ದೇವರು. ಕೋರ್ಟಿನಲ್ಲಿ ಸೋತವರು, ಕೋರ್ಟಿಗೆ ಹೋಗಲಾಗದವರು ಇಲ್ಲಿಗೆ ಅರ್ಜಿ ಬರೆಯುತ್ತಾರೆ. ಕೆಲವರದು ಹಾಳೆ, ಕೆಲವರದು ಛಾಪಾ ಕಾಗದ. ಜಮೀನಿನ ತಂಟೆ, ಬಾರದ ಸಂಬಳ, ಆಗದ ಮದುವೆ, ಪರೀಕ್ಷೆಯ ಫಲಿತಾಂಶ ಎಲ್ಲವೂ ದಾರದಲ್ಲಿ ತೂಗುತ್ತವೆ. ಕೆಲಸವಾದವರು ಗಂಟೆ ಕಟ್ಟುತ್ತಾರೆ. ಬೆರಳಗಾತ್ರದಿಂದ ಆಳೆತ್ತರದವರೆಗೆ ಸಾವಿರಾರು ಗಂಟೆಗಳು ಒಂದರ ಮೇಲೊಂದು. ಆ ಅರ್ಜಿಗಳ ಫೋಟೊ ತೆಗೆಯದಿರುವುದೇ ಮರ್ಯಾದೆ. ಅವು ಇನ್ನೊಬ್ಬರ ಮನೆಯ ಸಂಕಟ.

ಕಟಾರ್ಮಲ್‌ನ ಸೂರ್ಯ ದೇವಾಲಯದಲ್ಲಿ ದೊಡ್ಡ ಗುಡಿಯ ಸುತ್ತ ನಲವತ್ತಕ್ಕೂ ಹೆಚ್ಚು ಕಿರುಗುಡಿಗಳಿವೆ. ಅದರ ಕೆತ್ತನೆಯ ಮರದ ಬಾಗಿಲು ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಜಾಗೇಶ್ವರದಲ್ಲಿ ದೇವದಾರು ಕಾಡಿನ ನಡುವೆ ನೂರಕ್ಕೂ ಮೀರಿದ ಗುಡಿಗಳು. ಕಸಾರ್ ದೇವಿಯ ಗುಡ್ಡಕ್ಕೆ ಸಂಜೆಗೆ ಹತ್ತಿದರೆ ಹಿಮದ ಸಾಲು ಕಾಣುತ್ತದೆ. ಲಾಮಾ ಅನಾಗರಿಕ ಗೋವಿಂದರು ವರ್ಷಗಟ್ಟಲೆ ಇದ್ದದ್ದು ಈ ಗುಡ್ಡದಲ್ಲಿ. ಬಿನ್ಸರ್ ಅಭಯಾರಣ್ಯದ ಓಕ್ ಕಾಡಿನಲ್ಲಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬುರಾಂಶ್ ಕೆಂಪಗೆ ಅರಳುತ್ತದೆ. ಆ ಹೂವಿನ ಶರಬತ್ತನ್ನು ಬಜಾರಿನಲ್ಲಿ ಮಾರುತ್ತಾರೆ. ನಂದಾದೇವಿ, ತ್ರಿಶೂಲ, ಪಂಚಾಚೂಲಿ ಶಿಖರಗಳು ನವೆಂಬರಿನ ಬೆಳಗ್ಗೆ ಸ್ಪಷ್ಟ.

ಇಲ್ಲಿಯ ಕಾಡು ಬೇಸಿಗೆಯಲ್ಲಿ ಉರಿಯುತ್ತದೆ ಎಂಬುದನ್ನೂ ಹೇಳಬೇಕು. ಚೀಡ್ ಪೈನ್‌ನ ಒಣಗಿದ ಸೂಜಿಯೆಲೆ, ಇಲ್ಲಿಯವರು ಪಿರೂಲ್ ಎನ್ನುವುದು, ಬೇಸಿಗೆಯಲ್ಲಿ ನೆಲದ ಮೇಲೆ ಹಾಸಿಗೆಯಂತೆ ಬೀಳುತ್ತದೆ. ಒಂದು ಕಿಡಿ ಸಾಕು. 2024ರ ಜೂನ್‌ನಲ್ಲಿ ಬಿನ್ಸರ್‌ನ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯಲ್ಲಿ ನಾಲ್ವರು ಸ್ಥಳದಲ್ಲೇ ಜೀವ ಕಳೆದುಕೊಂಡರು, ಗಾಯಗೊಂಡವರಲ್ಲೂ ಆಮೇಲೆ ಸಾವು ಸಂಭವಿಸಿತು. ನೀರಿನ ಕಥೆಯೂ ಸುಖದ್ದಲ್ಲ. ಅಲ್ಮೋರಾದಲ್ಲಿ ಒಂದು ಕಾಲಕ್ಕೆ 360 ನೌಲಾಗಳಿದ್ದವೆಂದು ಹೇಳುತ್ತಾರೆ. ನೌಲಾ ಎಂದರೆ ಒರತೆಯ ಮೇಲೆ ಕಲ್ಲಿನ ಪುಟ್ಟ ಗುಡಿ ಕಟ್ಟಿ, ಒಳಗೆ ಮೆಟ್ಟಿಲು ಇಳಿಸಿದ ಬಾವಿ. ಚಪ್ಪಲಿ ಬಿಟ್ಟು ಒಳಹೋಗಬೇಕು. ಮನೆಗಳು ಗುಡ್ಡ ತುಂಬಿದಂತೆ ಒರತೆಗಳು ಬತ್ತಿದವು, ಊರು ಕೆಳಗಿನ ಕೋಸಿಯಿಂದ ನೀರು ಮೇಲೆತ್ತಿ ಕುಡಿಯುತ್ತಿದೆ. ಕೋಸಿ ಹಿಮನದಿಯಿಂದ ಹುಟ್ಟಿದ್ದಲ್ಲ, ಅದೂ ಒರತೆಗಳ ಮಗಳು. ಕಾಡು ಹೋದರೆ ಅದೂ ಸೊರಗುತ್ತದೆ. ಜನರೂ ಇಳಿದು ಹೋಗುತ್ತಿದ್ದಾರೆ. 2001ರಲ್ಲಿ ಜಿಲ್ಲೆಯ ಜನಸಂಖ್ಯೆ 6,30,567, 2011ರಲ್ಲಿ 6,22,506. ದೇಶವೆಲ್ಲ ಬೆಳೆದ ಆ ಹತ್ತು ವರ್ಷ ಅಲ್ಮೋರಾ ಜಿಲ್ಲೆ ಕುಗ್ಗಿತು. ಸಾವಿರ ಗಂಡಸರಿಗೆ 1,139 ಹೆಂಗಸರು. ಗದ್ದೆ, ಹಸು, ಹುಲ್ಲು, ಸೌದೆ, ಮಕ್ಕಳು, ಮುದುಕರು ಎಲ್ಲವೂ ಆ ಹೆಂಗಸರ ಹೆಗಲ ಮೇಲೆ. ಹಳ್ಳಿಯ ಹೋಮ್‌ಸ್ಟೇಯಲ್ಲಿ ಕೊಡುವ ಹಣ, ಪಂಚಾಚೂಲಿ ನೇಕಾರ ಮಹಿಳೆಯರ ಅಂಗಡಿಯಲ್ಲಿ ಕೊಳ್ಳುವ ಉಣ್ಣೆಯ ಶಾಲು ನೇರವಾಗಿ ಅವರ ಕೈ ಸೇರುತ್ತದೆ. ನೀರು ಕಷ್ಟದ ಮೇ, ಜೂನ್ ಬಿಟ್ಟು ಹೋಗುವುದೂ ಒಂದು ಉಪಕಾರ.

ದೆಹಲಿಯಿಂದ ಕಾಠ್‌ಗೋದಾಮ್‌ಗೆ ರಾತ್ರಿಯ ರಾಣಿಖೇತ್ ಎಕ್ಸ್‌ಪ್ರೆಸ್, ಹಗಲಿನ ಶತಾಬ್ದಿ ಎರಡೂ ಇವೆ. ಅಲ್ಲಿಂದ ಭವಾಲಿ, ಗರಂಪಾನಿ ದಾರಿಯಾಗಿ ಸುಮಾರು 90 ಕಿಲೋಮೀಟರ್. ಹಂಚಿಕೊಂಡು ಹೋಗುವ ಜೀಪುಗಳು ತುಂಬಿದೊಡನೆ ಹೊರಡುತ್ತವೆ. ಚಾಲಕರನ್ನು ದಾಜ್ಯೂ ಎಂದು ಕರೆದರೆ, ಅಂದರೆ ಅಣ್ಣಾ ಎಂದರೆ, ತಿರುವಿನಲ್ಲಿ ನಿಲ್ಲಿಸಿ ಹಿಮ ತೋರಿಸುತ್ತಾರೆ. ಮಳೆಗಾಲದಲ್ಲಿ ಗುಡ್ಡ ಜರುಗುತ್ತದೆ, ಬೇಡ. ಸೆಪ್ಟೆಂಬರ್ ಸುಮಾರಿಗೆ ಬಾಳೆಯ ದಿಂಡಿನಿಂದ ನಂದಾ, ಸುನಂದಾ ಮೂರ್ತಿ ಮಾಡಿ ಮೆರೆಸುವ ನಂದಾದೇವಿ ಜಾತ್ರೆ. ಸಂಕ್ರಾಂತಿಗೆ, ಕರ್ನಾಟಕದಲ್ಲಿ ಎಳ್ಳು ಬೀರುವ ಹೊತ್ತಿಗೇ, ಇಲ್ಲಿಯ ಮಕ್ಕಳು ಬೆಲ್ಲದ ಹಿಟ್ಟಿನಲ್ಲಿ ಕರಿದ ಘುಘುತೆಗಳ ಮಾಲೆ ಕೊರಳಿಗೆ ಹಾಕಿಕೊಂಡು ಕಾಗೆಗಳನ್ನು ಕೂಗಿ ಕರೆಯುತ್ತಾರೆ.

ಒಂದೇ ಸಲ ಹೋಗಲು ಸಾಧ್ಯವೆನ್ನುವವರು ಹೋಳಿಗೆ ಹೋಗಲಿ. ಕುಮಾವೂಂನ ಹೋಳಿ ಬಣ್ಣದಿಂದ ಶುರುವಾಗುವುದಿಲ್ಲ, ಹಾಡಿನಿಂದ ಶುರುವಾಗುತ್ತದೆ, ಅದೂ ಪೌಷ ಮಾಸದ ಮೊದಲ ಭಾನುವಾರ. ಬೈಠಕಿ ಹೋಳಿ ಎಂದು ಮನೆಮನೆಯ ಕೋಣೆಗಳಲ್ಲಿ ಹಾರ್ಮೋನಿಯಂ ಸುತ್ತ ಕೂತು, ಮೊದಲು ಭಕ್ತಿಪದ, ವಸಂತ ಪಂಚಮಿಯ ನಂತರ ಶೃಂಗಾರ, ಹೊತ್ತಿಗೆ ತಕ್ಕ ರಾಗದಲ್ಲಿ ಹಾಡುತ್ತಾರೆ. ಒಬ್ಬರು ಸಾಲು ಎತ್ತಿದರೆ ಸುತ್ತ ಕೂತವರು ಹಿಡಿಯುತ್ತಾರೆ; ಸ್ವರ ತಪ್ಪಿದರೂ ಯಾರೂ ನಿಲ್ಲಿಸುವುದಿಲ್ಲ. ಹಬ್ಬ ಹತ್ತಿರವಾದಂತೆ ಖಡೀ ಹೋಳಿ, ಹಳ್ಳಿಯ ಅಂಗಳದಲ್ಲಿ ಬಿಳಿಯ ಟೋಪಿ, ಕುರ್ತಾ ತೊಟ್ಟವರು ಡೋಲಿನ ಪೆಟ್ಟಿಗೆ ಸುತ್ತಿ ಸುತ್ತಿ ಹೆಜ್ಜೆ ಹಾಕುತ್ತಾರೆ. ಹೆಂಗಸರ ಹೋಳಿ ಬೇರೆಯೇ. ಗಂಡಂದಿರ ಕೋಟು, ಟೋಪಿ ಏರಿಸಿಕೊಂಡು ಸ್ವಾಂಗ್ ಕಟ್ಟಿ, ಊರಿನ ದೊಡ್ಡವರನ್ನೆಲ್ಲ ಅಣಕಿಸಿ ನಗುತ್ತಾರೆ. ಅಂದು ಯಾರೂ ಕೋಪಿಸಿಕೊಳ್ಳುವಂತಿಲ್ಲ. ಕೊನೆಯ ದಿನ ಹಾಡುವವರ ಗುಂಪು ಒಂದೂ ಮನೆ ಬಿಡದೆ ಹೋಗಿ, ಆ ಮನೆಯವರ ಹೆಸರು ಹಿಡಿದು ಹರಸುತ್ತದೆ. ಅಂಗಳದಲ್ಲಿ ನಿಂತ ಎಲ್ಲರಿಗೂ, ಊರಿನವರಿಗೂ ಹೊರಗಿನವರಿಗೂ, ಒಂದು ಚೂರು ಬೆಲ್ಲ, ಒಂದು ಹಿಡಿ ಆಲೂ ಗುಟ್ಕೆ, ಒಂದು ಗುಜಿಯಾ.